ಅಳತೆ ರವಿಕೆ

ಶಾಲೆಯಿಂದ ಒಂದು ಹಾಳೆ ಬಂದಿದೆ,
ಟಿಫಿನ್ ಡಬ್ಬಿಯಡಿ ಸಿಕ್ಕಿ ಚಿತ್ರಾನ್ನದ ಎಣ್ಣೆ ಕುಡಿದು.
‘ನಿಮ್ಮ ಮಗು ಹೇಗೆ ಕಲಿಯುತ್ತದೆ?’
ಕೆಳಗೆ ಎಂಟು ಚೌಕ: ಮಾತಿನಿಂದ, ಲೆಕ್ಕದಿಂದ, ಚಿತ್ರದಿಂದ,
ಕೈಯಿಂದ, ಹಾಡಿನಿಂದ, ನಾಲ್ಕು ಜನರೊಡನೆ,
ಒಬ್ಬಳೇ ಕೂತು, ಗಿಡ ಹಕ್ಕಿ ನೋಡುತ್ತ.
ಅನ್ವಯಿಸುವಲ್ಲಿ ಗುರುತು ಹಾಕಿ. ಸೋಮವಾರದೊಳಗೆ.

ಸಾಲಗಾಮೆ ರಸ್ತೆಯ ಈ ಎಂಟಡಿ ಅಂಗಡಿಯಲ್ಲಿ
ಮೂರು ಮದುವೆಯ ಬ್ಲೌಸು ಬಾಕಿ.
ಪೆನ್ನು ಸಿಗಲಿಲ್ಲ, ನೀಲಿ ಚಾಕ್ ಸಿಕ್ಕಿತು.
‘ಕೈಯಿಂದ’ ಎಂಬಲ್ಲಿ ಗೀಟೆಳೆದೆ, ಯೋಚಿಸದೆ.

ಯೋಚಿಸುವುದೇನು?
ದುದ್ದದ ಶಾಲೆಯ ಕಂಬದ ಪಕ್ಕ
ಒಂದಿಡೀ ಆಷಾಢ ನಿಂತವಳು ನಾನು.
ಹದಿನೇಳೊಂದ್ಲೆ ಹದಿನೇಳು, ಹದಿನೇಳೆರಡ್ಲೆ ಮೂವತ್ನಾಲ್ಕು,
ಮೂರಕ್ಕೆ ನಾಲಿಗೆ ಕಲ್ಲು.
ಬೋರೇಗೌಡ ಮೇಷ್ಟ್ರು ಹೊಡೆಯುತ್ತಿರಲಿಲ್ಲ, ಅದೇ ಕಷ್ಟ.
‘ಜಯಶೀಲಾ, ನಿನ್ನ ತಲೆಗೆ ಬೀಗ ಹಾಕಿ ಕೀಲಿ ಎಲ್ಲಿಟ್ಟರೋ’ ಎಂದು
ನಿಜಕ್ಕೂ ಬೇಜಾರಾಗಿ ಹೇಳುತ್ತಿದ್ದರು.
ನಂಬಿದೆ. ಹತ್ತು ಹನ್ನೆರಡು ವರ್ಷ ನಂಬಿದೆ.

ಆಮೇಲೆ ಒಂದು ದಿನ, ಪರರ ಮಿಷಿನ್ನಿನ ಮುಂದೆ,
ಮೊದಲ ಸಲ ಕಂಕುಳ ಸುತ್ತು ಕತ್ತರಿಸಿದಾಗ
ಯಾರೂ ಹೇಳಿಕೊಡದೆ ಗೊತ್ತಾಯಿತು
ಬಟ್ಟೆ ಎಲ್ಲಿ ಎಳೆಯುತ್ತದೆ, ಎಲ್ಲಿ ಸೋಲುತ್ತದೆ.
ಮೂವತ್ತಾರರ ಎದೆಯ ಕಾಲುಭಾಗ ಒಂಬತ್ತು,
ಹೊಲಿಗೆಗೆ ಒಂದೂವರೆ, ಬಾಣಂತಿಯಾದರೆ ಇನ್ನರ್ಧ.
ಭಿನ್ನರಾಶಿ ಅಂದರೆ ಇದೇ ಕಣೇ
ಎಂದು ಯಾರಾದರೂ ಅಂದಿದ್ದರೆ ಆಗ!
ಎಂಬತ್ತು ಸೆಂಟಿಮೀಟರಲ್ಲಿ ಮೊಣಕೈವರೆಗೂ ತೋಳು ತೆಗೆಯುತ್ತೇನೆ,
ಉಳಿದ ಚೂರಲ್ಲಿ ಕೂಸಿಗೆ ಕುಲಾವಿ.
ಬೀಗವಿರಲಿಲ್ಲ ಮೇಷ್ಟ್ರೇ. ನೀವು ತಟ್ಟಿದ್ದು ಗೋಡೆ,
ಬಾಗಿಲು ಇನ್ನೊಂದು ಮಗ್ಗುಲಲ್ಲಿತ್ತು.

ಅದಕ್ಕೇ ಮಗಳಿಗೂ ಸೂಜಿ ಕೊಟ್ಟೆ, ಚೂರುಬಟ್ಟೆ ಕೊಟ್ಟೆ.
ಇಂಚರ ಎಂದು ಹೆಸರು, ಮನೆಯಲ್ಲಿ ಎರಡು ಮಾತಿಲ್ಲ.
ಬೆರಳು ಚುಚ್ಚಿಕೊಂಡಳು, ದಾರ ಗಂಟಾಗಿಸಿದಳು,
ಬಿಚ್ಚಲು ಹೇಳಿದರೆ ಇನ್ನೊಂದು ಗಂಟು.
ಬರುತ್ತದೆ ಬಿಡು ಅಂದುಕೊಂಡೆ,
ನನ್ನ ಮಗಳಲ್ಲವೇ.

ಭಾನುವಾರ ಪೆನ್ಷನ್ ಮೊಹಲ್ಲಾಕ್ಕೆ ಬಟ್ಟೆ ಕೊಟ್ಟು ಬಂದರೆ
ಅರ್ಧ ಎಳೆದ ಶಟರಿನೊಳಗಿಂದ ದನಿ.
ತಲೆಯಿಲ್ಲದ ಗೊಂಬೆ, ಮದುಮಗಳ ಬ್ಲೌಸು ತೊಟ್ಟದ್ದು,
ಅದರ ಮುಂದೆ ಇವಳು, ಕೈಯಲ್ಲಿ ಸ್ಕೇಲು:
‘ಸಣ್ಣ ಕರುಳು ಅಂದ್ರೆ ಸಣ್ಣದಲ್ಲ ಕಣೇ, ಅದೇ ಉದ್ದ.’
‘ಮತ್ತೆ ಸಣ್ಣ ಅಂತ ಯಾಕಂತಾರೆ ಮಿಸ್?’
ಗೊಂಬೆಯ ದನಿಯೂ ಇವಳದೇ, ಸ್ವಲ್ಪ ತೆಳ್ಳಗೆ.
‘ತಡಿ.’ ಪುಸ್ತಕ ತಿರುವಿದಳು, ಗೊಣಗಿದಳು, ಮುಚ್ಚಿಟ್ಟಳು.
‘ಅದು ಅಗಲದ ಲೆಕ್ಕ. ಈಗ ತಿಳೀತಾ?’

ನಿಂತೆ.
ತಾಯಿಯ ಅಳತೆ ರವಿಕೆ ಕೊಟ್ಟು ಮಗಳಿಗೆ ಹೊಲಿದುಬಿಡಿ ಅನ್ನುವವರಿಗೆ
ಎಷ್ಟು ಸಲ ಬೈದಿಲ್ಲ ಇದೇ ಕಟ್ಟೆಯಲ್ಲಿ ಕೂತು:
‘ಹುಡುಗಿಯನ್ನೇ ಕರಕೊಂಡು ಬನ್ನಿ ತಾಯಿ!’

ಚಾಕಿನ ಗೀಟು ತಟ್ಟಿದರೆ ಉದುರುತ್ತದೆ,
ಅದಕ್ಕೇ ಅದರಲ್ಲಿ ಗುರುತು ಮಾಡುವುದು.
ತಟ್ಟಿದೆ. ಆದರೆ ಇನ್ನೆಲ್ಲಿ ಹಾಕಲಿ?
ಮಾತಿನಿಂದ ಎನ್ನಲೆ? ನನ್ನೊಡನೆ ಆಡುವುದಿಲ್ಲ.
ಜನರೊಡನೆ? ಗೊಂಬೆ ಯಾವ ಜನ?
ಎಂಟೂ ಚೌಕ ಖಾಲಿ ಬಿಟ್ಟು ಅಂಚಿನಲ್ಲಿ ಬರೆದೆ,
ಎಣ್ಣೆ ತಾಗದ ಕಡೆ:
‘ಗೊಂಬೆಗೆ ಪಾಠ ಹೇಳುತ್ತಾಳೆ.’

ಆಗ ನೋಡಿದಳು ನನ್ನ. ನಾಚಲಿಲ್ಲ.
‘ಕೂತ್ಕೋ’ ಎಂದಳು, ಸ್ಟೂಲು ತೋರಿಸಿ.
ಕೂತೆ, ಗೊಂಬೆಯ ಪಕ್ಕ.
‘ಹದಿನೇಳೆಂಟ್ಲೆ ಎಷ್ಟು?’

ಮತ್ತೆ ಕಲ್ಲು. ಕಂಬ. ಆಷಾಢ.
ಕೈ ಮಾತ್ರ ಕೊರಳ ಟೇಪಿಗೆ ಹೋಯಿತು,
ಸೆಂಟಿಮೀಟರಿನ ಬದಿಗೆ ತಿರುಗಿಸಿತು,
ಹದಿನೇಳಕ್ಕೊಂದು ಮಡಿಕೆ, ಅದರ ಮೇಲೊಂದು, ಮತ್ತೊಂದು.
ಎಂಟನೆಯದು ಮುಗಿದಲ್ಲಿ ಹೆಬ್ಬೆರಳು ಒತ್ತಿ ಓದಿದೆ:
ನೂರಮೂವತ್ತಾರು.

ಪುಸ್ತಕದ ಹಿಂದಿನ ಮಗ್ಗಿಗೆ ಹೋಲಿಸಿದಳು.
ಟೇಪು ಕಸಿದು ಬಿಚ್ಚಿ ಎಣಿಸಿದಳು, ನಂಬದವಳಂತೆ.
ಆಮೇಲೆ ಗೊಂಬೆಯ ಕಡೆ ತಿರುಗಿ,
‘ನೋಡಿದ್ಯಾ,’ ಎಂದಳು,
‘ಅವರು ಹೇಗೆ ಮಾಡಿದ್ರು ಅಂತ?’