ಹದಿನಾರನೆಯ ಅಂಗಿ

ಕಾರ್ಡಿಫ್, ನವೆಂಬರ್. ಹೋಟೆಲಿನ ನೆಲಮಾಳಿಗೆಯಲ್ಲಿ
ಮೂರು ಯಂತ್ರ, ಎರಡು ಹಬೆಯ ಇಸ್ತ್ರಿ, ಗ್ಲೆನಿಸ್, ನಾನು.
ಮೇಲೆ ಐದನೆಯ ಮಹಡಿ ತುಂಬ ಟೋಂಗಾದ ರಗ್ಬಿ ಆಳುಗಳು.
ಮೂರು ಶನಿವಾರ, ಮೂರು ಟೆಸ್ಟ್.
ಲಿಫ್ಟಿಗೆ ಇಬ್ಬರು ಹತ್ತಿದರೆ ಮೂರನೆಯವರು ಮೆಟ್ಟಿಲು ಹಿಡಿಯಬೇಕು.

ಪಂದ್ಯ ನಾನು ನೋಡಿದವನಲ್ಲ.
ರಾತ್ರಿ ಚಕ್ರದ ಬುಟ್ಟಿಯಲ್ಲಿ ಇಳಿದು ಬಂದದ್ದನ್ನು ಓದುತ್ತೇನೆ.
ಒಂದು, ಮೂರು: ಭುಜದ ಹೊಲಿಗೆ ಬಿಟ್ಟಿದೆ, ಒತ್ತಿ ನಿಂತವರು.
ಹದಿನಾಲ್ಕು: ಎದೆಯುದ್ದಕ್ಕೂ ಹುಲ್ಲಿನ ಹಸಿರು,
ಗೆರೆಗೆ ಗೇಣು ಇರುವಾಗ ಯಾರೋ ಕಾಲು ಹಿಡಿದಿದ್ದಾರೆ.
ಆರರ ಕಾಲರಿನಲ್ಲಿ ರಕ್ತ.
ರಕ್ತಕ್ಕೆ ತಣ್ಣೀರು, ಬಿಸಿ ತಾಗಿದರೆ ಕಚ್ಚಿಕೊಳ್ಳುತ್ತದೆ,
ಇದು ಅಪ್ಪನ ಪಾಠ.

ಅಪ್ಪ ಹೊಸದುರ್ಗದಲ್ಲಿ ನಾಲ್ಕು ಓಣಿಯ ಬಟ್ಟೆ ಒಗೆದವನು.
ಅಕ್ಷರ ಬಾರದು. ಕರಿಗೇರಿನ ರಸದಲ್ಲಿ ಸೂಜಿ ಅದ್ದಿ
ಅಂಚಿಗೆ ಗುರುತು: ಶಾನುಭೋಗರಿಗೆ ಎರಡು ಚುಕ್ಕಿ,
ಮೇಷ್ಟ್ರಿಗೆ ಅಡ್ಡಗೀಟು.
'ಬಟ್ಟೆ ಸುಳ್ಳು ಹೇಳಲ್ಲ ಕಣೋ, ಉಟ್ಟೋರು ಹೇಳ್ತಾರೆ.'
ಇಲ್ಲಿ ಗುರುತಿನ ಕೆಲಸವೇ ಇಲ್ಲ,
ಬೆನ್ನಗಲ ಅಂಕಿ.

ಮೊದಲ ಶನಿವಾರ ಇಪ್ಪತ್ತಮೂರು ಅಂಗಿ.
ಹದಿನಾರರ ಮಡಿಕೆಯೇ ಮುರಿದಿಲ್ಲ.
ಇಸ್ತ್ರಿ ಹಾಕಿದವನು ನಾನೇ, ಗೊತ್ತಾಗದೇ?
ಆದರೂ ಒಗೆದೆ.

ಗ್ಲೆನಿಸ್ ಟವೆಲ್ಲು ಸುತ್ತಿ ಚೆಂಡು ಮಾಡಿ ಆಟ ಕಲಿಸಿದಳು:
ಮುಂದಕ್ಕೆ ಓಡು, ಹಿಂದಕ್ಕೆ ಕೊಡು.
ಮುಂದಿರುವವನಿಗೆ ಕೊಟ್ಟರೆ? ಸೀಟಿ.
ನಮ್ಮ ಕಬಡ್ಡಿಯಲ್ಲಿ ಉಸಿರು ಕಟ್ಟಿ ಹೋದವನು
ತಾನೇ ತಿರುಗಿ ಬರಬೇಕು ಅಂದೆ,
ಇಲ್ಲಿ ಹೋದವನು ಹೋದ, ಚೆಂಡು ಮಾತ್ರ ಹಿಂದೆ ಬರುತ್ತದೆ.
ಅವಳು ಏನೋ ಹೇಳುವಷ್ಟರಲ್ಲಿ ಡ್ರೈಯರ್ ಕೂಗಿತು.

ಭಾನುವಾರ ಬೆಳಿಗ್ಗೆ ನೀರಿನ ಕೊಳವೆಯೊಳಗಿಂದ
ಹಾಡು ಇಳಿದು ಬರುತ್ತಿತ್ತು, ಸೋತವರ ನಾಲ್ಕು ದನಿ.
ಚಾಪೆಲ್ಲು ಬಿಟ್ಟು ಮೂವತ್ತು ವರ್ಷವಾದ ಗ್ಲೆನಿಸ್
ದಿಂಬಿನ ಚೀಲ ಮಡಿಸುತ್ತ
ತನ್ನ ದನಿಯನ್ನೂ ಮೆಲ್ಲಗೆ ಸೇರಿಸಿದಳು.

ಎರಡನೆಯ ಶನಿವಾರ ಹದಿನಾರರ ಎದೆ ತುಂಬ ಕೆಸರು!
ಹಿಗ್ಗಿದೆ. ಸಿಂಕಿನಲ್ಲಿ ನೆನೆಹಾಕಿ ಉಜ್ಜಿದೆ.
ಬೆರಳಿಗೆ ಮರಳು ಸಿಗಲಿಲ್ಲ.
ಮೈದಾನದ್ದು ಮರಳು ಮಣ್ಣು. ಇದು ಕಪ್ಪು, ಹಗುರ,
ಎಳೆದು ನೋಡಿದರೆ ತೆಂಗಿನ ನಾರು,
ನಾರಿಗೆ ಅಂಟಿದ ಒಂದು ನೇರಳೆ ಎಸಳು.
ಹೋಟೆಲಿನ ಬಾಗಿಲ ಬದಿ ಎರಡು ಹೂಕುಂಡಗಳಿವೆ.
ಬಸ್ಸಿಳಿದು, ಎಲ್ಲರನ್ನೂ ಒಳಗೆ ಬಿಟ್ಟು,
ಕತ್ತಲಲ್ಲಿ ಆ ದೊಡ್ಡ ಮನುಷ್ಯ ಬಗ್ಗಿದ್ದಾನೆ.

ಅಪ್ಪಾ, ಬಟ್ಟೆಯೂ ಹೇಳುತ್ತದೆ ಸುಳ್ಳು,
ಹೇಳಲು ಬಾರದೆ ಸಿಕ್ಕಿಬೀಳುತ್ತದೆ ಅಷ್ಟೆ.
'ಕೊನೆಗೂ ಆಡಿಸಿದರಾ ಅವನನ್ನ?' ಅಂದಳು ಗ್ಲೆನಿಸ್.
ಎಸಳನ್ನು ಜೇಬಿಗೆ ಹಾಕಿಕೊಂಡು
'ನೋಡು, ಎಷ್ಟು ಕೆಸರು' ಅಂದೆ.

ಮೂರನೆಯ ಶನಿವಾರ ಎಣಿಸಿದರೆ ಇಪ್ಪತ್ತೆರಡು.
ಮತ್ತೆ ಎಣಿಸಿದೆ. ಹದಿನೈದಾದ ಮೇಲೆ ಹದಿನೇಳು.
ಬುಟ್ಟಿ ಬೋರಲು ಹಾಕಿದೆ: ಒಂಟಿ ಕಾಲುಚೀಲ,
ಟೇಪಿನ ಉಂಡೆ, ಯಾರದೋ ಹಲ್ಲುಕಾಪು.

ಸೆಮಿಸಿ, ಹೆಸರು ಪಟ್ಟಿಯಲ್ಲಿ ಓದಿದ್ದೆ,
ಕೆಲಸದವರ ಮೆಟ್ಟಿಲ ಮೇಲೆ ಐಸು ಒತ್ತಿಕೊಂಡು ಕೂತಿದ್ದ.
ಕಿವಿ ಊದಿ ಅಂಜೂರ.
ಕೋಟಿನ ಕೆಳಗೆ ಇಣುಕುತ್ತಿತ್ತು ಅಂಗಿಯ ಅಂಚು,
ಅದರಿಂದ ಮೆಟ್ಟಿಲಿಗೆ ಉದುರುತ್ತಿತ್ತು ಮರಳು.
'ಎಷ್ಟು ಹೊತ್ತು?'
'ನಾಲ್ಕು ನಿಮಿಷ.' ಬೆರಳಲ್ಲೂ ತೋರಿಸಿದ.
'ಗೆದ್ದಿರಾ?' ಜೋರಾಗಿ ನಕ್ಕ.
ಮೂರನೆಯದನ್ನೂ ಸೋತಿದ್ದರು.

ಸೋಮವಾರ ಮ್ಯಾನೇಜರ್ ಪುಸ್ತಕ ಕೇಳಿದ.
ಬಂದದ್ದು ಇಪ್ಪತ್ತಮೂರು. ಒಗೆದದ್ದು ಇಪ್ಪತ್ತಮೂರು.
ನನ್ನ ಬರಹ ದುಂಡಗಿದೆ, ಅಪ್ಪ ಓದಿಸಿದ್ದ.
ಸಹಿ ಹಾಕಿ
ಪಕ್ಕದಲ್ಲೊಂದು ಚುಕ್ಕಿ ಇಟ್ಟೆ.