ಏಳನೆಯ ಕರಡು

ಮೊದಲ ಕರಡಿನಲ್ಲಿ ‘ಖಿನ್ನತೆ’ ಎಂದು ಬರೆದೆ.
ಸೋಹಾರಿನ ಆರೋಗ್ಯ ಕೇಂದ್ರದ ಎರಡನೇ ಕೋಣೆಯಲ್ಲಿ
ಆ ಪದದ ಗುರುತು ಯಾರಿಗೂ ಹತ್ತಲಿಲ್ಲ.
ನಿಘಂಟಿನಿಂದ ನೇರ ವಿಮಾನವೇರಿ ಬಂದಂತಿತ್ತು,
ಇಸ್ತ್ರಿ ಕೆಡದೆ.

‘ಆಸಕ್ತಿ ಕಡಿಮೆಯಾಗಿದೆಯೇ?’ ಎಂದರೆ
ಸಾರ್ವೆ ಕಟ್ಟುವ ಯಾದಗಿರಿಯ ಸಾಬಣ್ಣ
ಹೆಲ್ಮೆಟ್ಟು ತೊಡೆಯ ಮೇಲಿಟ್ಟು, ಯೋಚಿಸಿ:
‘ಆಸ್ತಿ ಎಲ್ಲದರೀ ಅಕ್ಕಾರ. ಎರಡ ಎಕರೆ,
ಅದೂ ಅಣ್ಣನ ಹೆಸರೀಲಿ.’

‘ಎದೆ ಭಾರ’ ಎಂದಿಟ್ಟೆ ಮೂರನೆಯದರಲ್ಲಿ.
ಮೂಲ ನೋಡದ ಇನ್ನೊಬ್ಬರು ಮಸ್ಕತ್ತಿನಲ್ಲಿ ಕೂತು
ಇಂಗ್ಲಿಷಿಗೆ ಮರಳಿಸಿದರು.
ಬಂದದ್ದು ಹೃದಯದ ಕಾಯಿಲೆ.
ಅದೇ ವಾರ, ಮನೆಗೆಲಸದ ಗುಲಾಬಿ
ಎದೆ ಭಾರ ಎಂದದ್ದಕ್ಕೆ ಇಸಿಜಿ ತೆಗೆದರು.
ಗೆರೆ ಚೆನ್ನಾಗಿತ್ತು.
ಆ ಕಾಗದ ಮಡಿಸಿ ಪರ್ಸಿಗಿಟ್ಟು, ಸೋತವಳಂತೆ ಹೇಳಿದಳು:
‘ಎಂತದೂ ಇಲ್ಯಂಬ್ರ್.’

ಒಂಬತ್ತನೆಯದನ್ನು ಕೇಳುವಾಗ ಪ್ರತಿ ಸಲವೂ
ಎಸಿಯ ಸದ್ದು ದೊಡ್ಡದಾಗುತ್ತದೆ.
‘ಸತ್ತುಹೋದರೇ ವಾಸಿ ಅಂತ ಅನಿಸಿತ್ತೇ?’
ಸಾಬಣ್ಣ ತಿರುಗಿ ಕೇಳಿದ:
‘ಪೆಟ್ಟಿಗಿ ಊರಿಗಿ ಮುಟ್ಟಸ್ಲಾಕ ಎಷ್ಟ ಬೀಳ್ತದ್ರೀ?
ಕಂಪನಿ ಕೊಡ್ತದೇನು?’

ಸೊನ್ನೆ. ಒಂದು. ಎರಡು. ಮೂರು.
ಈ ಲೆಕ್ಕವನ್ನು ಯಾವ ಚೌಕಕ್ಕೆ ಹಾಕಲಿ?
ಪ್ರಶ್ನೆ ಅರ್ಥವಾಯಿತೇ, ಗುರುತಿಸು, ಮುಂದೆ ಹೋಗು:
ನನಗೆ ಕಲಿಸಿದ್ದು ಇಷ್ಟೇ.
ಪೆನ್ನು ಮುಚ್ಚಿ ಡಾಕ್ಟರ್ ಸಲ್ಮಾರನ್ನು ಕರೆದೆ.
ಊಟದ ಡಬ್ಬಿ ಅರ್ಧಕ್ಕೇ ಬಿಟ್ಟು ಬಂದವರು
ಒಂದೂವರೆ ಗಂಟೆ ಕೂತರು.
ಅವನ ಮಾತನ್ನು ಅವರತ್ತ, ಅವರದನ್ನು ಇವನತ್ತ
ದಾಟಿಸುತ್ತ ನಾನು, ಕರಡಿಲ್ಲದೆ.

ಹದಿನಾಲ್ಕು ದಿನಕ್ಕೆ ಮರುಪರೀಕ್ಷೆ.
ಅವೇ ಒಂಬತ್ತು ಪ್ರಶ್ನೆ. ಅವೇ ಉತ್ತರ ಬಂದರೆ
ಪ್ರಶ್ನಾವಳಿ ನಂಬಿಕೆಗೆ ಅರ್ಹ.
ತಪ್ಪಲಿ, ಸಾಬಣ್ಣ.
ಒಂದಾದರೂ ತಪ್ಪಲಿ, ನಿದ್ದೆಯದ್ದಾದರೂ.
ದಶಾಂಶದ ಮುಂದಿನ ಎಂಟು ಏಳಾಗಲಿ, ಆರಾಗಲಿ,
ಡಾಕ್ಟರಿಗೆ ನಾನೇ ಹೇಳಿಕೊಳ್ಳುತ್ತೇನೆ.

ಬುಧವಾರ ಐದಕ್ಕೆ ಬಂದರಿನ ಕಡೆಯ ಬಸ್ಸು.
ಹಾಳೆ ಜೋಡಿಸಿಟ್ಟಿದ್ದೇನೆ.
ಖಿನ್ನತೆ ಇದ್ದ ಜಾಗದಲ್ಲಿ ಈಗ
ಅವತ್ತು ಅವನೇ ಆಡಿದ ಮಾತು:
‘ಜೀವಕ್ಕ ಬ್ಯಾಸರ.’

ಗುಲಾಬಿಗೆ ಓದಿ ತೋರಿಸಬೇಕು.
ಅವಳು ಕುಂದಾಪುರದವಳು,
ಏನನ್ನುತ್ತಾಳೋ.