ಬೋಳು ಕಲ್ಲು

ಕಲ್ಲಂಗಡಿಗೆ ಮುಂದಿನ ಸೀಟು, ಅತ್ತೆಯ ಮಡಿಲಲ್ಲಿ.
ಹಿಂದೆ ನಾನು, ಇಬ್ಬರು ಮಕ್ಕಳು, ಲವಾಶ್ ರೊಟ್ಟಿಯ ಗಂಟು,
ಮೊಣಕಾಲಿಗೆ ಮೊಣಕಾಲು.
ಮ್ಹೆರ್ ಕೀಲಿ ತಿರುವಿದ. ಮೂರನೆಯ ಸಲಕ್ಕೆ
ಕೆಮ್ಮಿ ಎದ್ದಿತು ಅವನಪ್ಪನ ಕಾಲದ ನೀವಾ.
ಯೆರೆವಾನ್ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ.

ಊರು ದಾಟಿದ ಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ.
ಭೂಗೋಳದ ಮೇಡಂ ನಾನು,
ಹದಿನೆಂಟು ವರ್ಷ ಸೀಮೆಸುಣ್ಣ ನುಂಗಿದವಳು.
'ಅಗೋ ಮಕ್ಕಳೇ, ಅರಾರಾತ್,
ಕಾಣುವುದು ನಮಗೆ, ಇರುವುದು ಗಡಿಯಾಚೆ, ಅದರ ಎತ್ತರ...'
'ಇವತ್ತು ಭಾನುವಾರ' ಎಂದರು ಅತ್ತೆ.
ಅಷ್ಟೇ.

ಗಾರ್ನಿಯ ಮೆಟ್ಟಿಲು ಒಂಬತ್ತೇ, ಆದರೆ ದೈತ್ಯರಿಗೆ ಕಟ್ಟಿದಂಥವು.
ಅತ್ತೆ ಯಾರ ಕೈಯನ್ನೂ ಹಿಡಿಯಲಿಲ್ಲ.
ನಿಂತು ನಿಂತು ಹತ್ತಿದರು, ಒಂದೊಂದರ ಮೇಲೂ
ಒಂದೊಂದು ಜಗಳ ಮುಗಿಸಿದವರಂತೆ.
ಇಪ್ಪತ್ತನಾಲ್ಕು ಕಂಬ. ನೈರಿ ಎರಡು ಸಲ ಎಣಿಸಿ
ಇಪ್ಪತ್ತಮೂರೇ ಎಂದು ಹಠ ಹಿಡಿದಳು.
ಅರೆಗ್ ಕತ್ತೆತ್ತಿ ಕೇಳಿದ:
'ಇಲ್ಲಿ ಬಳ್ಳಿ, ಅಲ್ಲಿ ಸಿಂಹದ ಬಾಯಿ,
ನಡುವೆ ಇದೇನು ಬೋಳು?
ಕೆತ್ತುವವನಿಗೆ ಊಟದ ಹೊತ್ತಾಯಿತಾ?'

ಭೂಕಂಪ, ಇಸವಿ, ಎಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು.
ಅಷ್ಟರಲ್ಲಿ ಅತ್ತೆ:
'ನಿನ್ನ ತಾತ ಕಡಿದದ್ದು ಇಂಥವನ್ನೇ.
ಬಿದ್ದ ಗುಡಿಯನ್ನು ಮತ್ತೆ ನಿಲ್ಲಿಸುವಾಗ
ಸಿಕ್ಕ ತುಂಡು ಅದರದರ ಜಾಗಕ್ಕೆ,
ಸಿಗದ ಕಡೆ ಬೋಳು ಕಲ್ಲು.
ಬಳ್ಳಿ ಬಿಡಿಸುವುದು ಅವನಿಗೆ ಬರುತ್ತಿರಲಿಲ್ಲ ಅಂತಲ್ಲ.
ಹೋದದ್ದು ಹೋಗಿದೆ ಅಂತ ಕಾಣಬೇಕಂತೆ.'

'ಯಾವುದು ತಾತನದು?'

ಗಾಳಿ ಅವರ ತಲೆವಸ್ತ್ರ ಎಳೆಯಿತು. ಬಿಗಿದುಕೊಂಡರು.
'ಶನಿವಾರ ಶನಿವಾರ ಬರುತ್ತಿದ್ದ, ಕಿವಿಯೊಳಗೂ ಬೂದು ಪುಡಿ.
ಸ್ನಾನ, ಸೂಪು, ನಿದ್ದೆ.
ಮುಂದಿನ ವಾರ ಕೇಳಿದರಾಯಿತು ಅಂದುಕೊಂಡೆ.'

ಆಮೇಲೆ ಒಂದೊಂದು ಬೋಳು ಕಲ್ಲಿಗೂ ಬಲಗೈ ಇಟ್ಟು ನಡೆದರು,
ಜ್ವರ ನೋಡುವವರಂತೆ.
ಕಾವಲಿನ ಹುಡುಗ ಪೀಪಿ ಊದಿದ: 'ಅಜ್ಜಿ, ಮುಟ್ಟಬಾರದು!'
'ಈ ಕಲ್ಲಿನ ಧೂಳನ್ನು ಆರು ವರ್ಷ ಒಗೆದಿದ್ದೇನೆ ಮಗಾ,
ಆಗ ಯಾರೂ ಪೀಪಿ ಊದಲಿಲ್ಲ.'
ಹುಡುಗ ಪೀಪಿ ಜೇಬಿಗಿಳಿಸಿ
ಕಣಿವೆಯ ಕಡೆ ತಿರುಗಿ ನಿಂತ.

ಆ ಕಣಿವೆಗೇ ಇಳಿದೆವು.
ಅಲ್ಲೂ ಕಲ್ಲೇ ಕಲ್ಲು, ಉಳಿ ತಾಗದ್ದು.
ಆರು ಮೂಲೆಯ ಕಂಬಗಳು ಮೇಲಿನಿಂದ ಜೋತು ಬಿದ್ದು
ಪೆನ್ಸಿಲ್ಲಿನ ಕಟ್ಟು ಬೋರಲು ಹಾಕಿದ ಹಾಗೆ.
ನಾನು ತುಟಿ ಕಚ್ಚಿಕೊಂಡಿದ್ದೆ.
'ಹೇಳೇ, ಹೊಟ್ಟೆ ಉಬ್ಬೀತು' ಎಂದರು ಅತ್ತೆ.
'ಲಾವಾ. ಆರುವಾಗ ಕುಗ್ಗಿ, ಸೀಳಿ, ಹೀಗಾಯಿತು.'
'ಬಿಸಿಯಿದ್ದಾಗ ಸೀಳಲಿಲ್ಲವಾ?'
'ಇಲ್ಲ, ಆರುವಾಗಲೇ.'
ಹೂಂ ಎಂದರು. ಬಹಳ ಹೊತ್ತು ನೋಡಿದರು.

ಅಷ್ಟರಲ್ಲಿ, ತಣ್ಣಗಾಗಲೆಂದು ಹೊಳೆಯಲ್ಲಿಟ್ಟಿದ್ದ ಕಲ್ಲಂಗಡಿ
ಕಾಲೇ ಇಲ್ಲದಿದ್ದರೂ ಕಾಲಿಗೆ ಬುದ್ಧಿ ಹೇಳಿತು.
ಮ್ಹೆರ್ ಬೂಟಿನ ಸಮೇತ ನೀರಿಗೆ ಬಿದ್ದ,
ನೈರಿ ದಡದಲ್ಲಿ ಓಡಿದಳು,
ಕುದುರೆಗೆ ನೀರು ಕುಡಿಸುತ್ತಿದ್ದ ಮುದುಕನೊಬ್ಬ
ಕೋಲು ಅಡ್ಡ ಹಿಡಿದು ತಡೆದ. ಒಂದು ಹೋಳು ಅವನಿಗೆ,
ಸಿಪ್ಪೆ ಕುದುರೆಗೆ.
ಅತ್ತೆ ತಿಂದದ್ದು ಎಡಗೈಯಲ್ಲಿ.

ಗೆಘಾರ್ದಿನ ಬಾಗಿಲ ಬಳಿ ಬಂಡೆಯಲ್ಲೊಂದು ಗೂಡು.
ಎಸೆದ ಹರಳು ಅಲ್ಲೇ ಕೂತರೆ ಕೋರಿದ್ದು ಆಗುತ್ತದಂತೆ.
ಅರೆಗ್ ಏಳು ಎಸೆದ, ಏಳೂ ಮರಳಿದವು.
ನಾನು ಒಂದು ಎಸೆದೆ, ಗಾತಾ ಮಾರುವವಳ ಬುಟ್ಟಿಗೆ ಬಿತ್ತು.
ಅತ್ತೆ ಎಡಗೈಯಲ್ಲೇ ಬೀಸಿದರು. ಕೂತಿತು.
'ಏನು ಕೇಳಿದಿರಿ?'
'ಏನೂ ಇಲ್ಲ, ಕೈ ನಡೆಯುತ್ತದಾ ಅಂತ ನೋಡಿದೆ.'

ದಾರಿಯಲ್ಲಿ ನೈರಿ ನಿದ್ದೆಗಣ್ಣಲ್ಲಿ ಇಪ್ಪತ್ತನಾಲ್ಕು ಎಂದಳು.
ಮನೆ ಸೇರಿ, ದೀಪ ಹಾಕಿ, ಚಹಾ ಒಯ್ದೆ.
ಕೈತೊಳೆಯುವ ತೊಟ್ಟಿಯ ಮುಂದೆ ನಿಂತಿದ್ದರು,
ನಲ್ಲಿ ಬಿಟ್ಟಿರಲಿಲ್ಲ.
ಲೋಟಕ್ಕೆ ಎಡಗೈ ಚಾಚಿದರು.